ದೊಡ್ಡಂಗಡಿಯ ಹದಿನಾರು ಪರದೆಗಳು

ಮೀಟರಯ್ಯನವರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಬೀಗದ ಕೈಯಿಂದ. ಅದು ಪರರ ಮನೆಯ ಬೀಗದ ಕೈಯಾಗಿದ್ದರೆ ನಾಲ್ಕು ದಿನ ಉರಿದು ಆರಿಹೋಗುತ್ತಿತ್ತೇನೋ. ಅದು ಸ್ವಂತ ಹೆಂಡತಿಯ ಕೈಚೀಲದಲ್ಲಿತ್ತು, ಅದೇ ತೊಂದರೆ.

ಊರ ನಡುವಿನ ಚೌಕದಲ್ಲಿ ನಾಲ್ಕು ಮಹಡಿಯ ಒಂದು ಹಳೆಯ ಕಟ್ಟಡ. ಬೋರ್ಡಿನ ಮೇಲೆ ಏನೋ ಉದ್ದದ ಹೆಸರಿತ್ತು, ಜನ ಮಾತ್ರ ಅದನ್ನು ದೊಡ್ಡಂಗಡಿ ಅಂತಲೇ ಕರೆಯುತ್ತಿದ್ದರು. ಸೂಜಿಯಿಂದ ಸೋಫಾದವರೆಗೆ ಅಲ್ಲಿ ಸಿಗದ ವಸ್ತುವಿರಲಿಲ್ಲ. ಮೂರನೆಯ ಮಹಡಿ ಪೂರ್ತಿ ಬಟ್ಟೆಯದು. ಅಲ್ಲಿ ನಮ್ಮ ಕಥಾನಾಯಕರು ಮೂವತ್ತನಾಲ್ಕು ವರ್ಷ ದುಡಿದರು, ಕೊನೆಯ ಹನ್ನೆರಡು ವರ್ಷ ಆ ಮಹಡಿಗೇ ಮುಖ್ಯಸ್ಥರಾಗಿ. ಉದ್ದನೆಯ ಮರದ ಕೌಂಟರಿನ ಅಂಚಿಗೆ ಒಂದು ಮೀಟರಿಗೊಂದು ಹಿತ್ತಾಳೆ ಮೊಳೆ, ನಡುವೆ ಅರ್ಧ ಮೀಟರಿಗೊಂದು ಸಣ್ಣ ಮೊಳೆ. ಥಾನು ಬಿಚ್ಚಿ ಆ ಮೊಳೆಯಿಂದ ಈ ಮೊಳೆಗೆ ಸರಸರನೆ ಎಳೆದು, ಕತ್ತರಿ ಇಟ್ಟರೆಂದರೆ ಮುಗಿಯಿತು. ಟೇಪು ಮುಟ್ಟಿದವರೇ ಅಲ್ಲ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ. ಅದಕ್ಕೇ ಮೀಟರಯ್ಯ ಅನ್ನುವ ಹೆಸರು ಬಿತ್ತು, ಬಿದ್ದ ಹೆಸರು ನಿಂತಿತು.

ಅಂಗಡಿ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಪಾರಿವಾಳಗಳು ಕೂತು ಹೊಲಸು ಮಾಡುತ್ತಿದ್ದ ಕಟ್ಟಡವನ್ನು ಯಾರೋ ಕೊಂಡು, ಮೇಲೆ ನಲವತ್ತೆರಡು ಮನೆ ಮಾಡಿ, ಕೆಳಗೆ ಪುಟ್ಟ ಪುಟ್ಟ ಮಳಿಗೆ ಮಾಡಿದರು. ಮನೆಗಳಿಗೆ ಲಾಫ್ಟ್ ಅಂತ ಹೆಸರು. ಗಾರೆ ಮಾಡದ ಇಟ್ಟಿಗೆ ಗೋಡೆ, ತಲೆಯ ಮೇಲೆ ಕಾಣುವ ಪೈಪು, ಆಕಾಶದೆತ್ತರದ ಕಿಟಕಿ. "ಅರ್ಧ ಕೆಲಸ ಮಾಡಿ ಪೂರ್ತಿ ದುಡ್ಡು ಇಸ್ಕೊಳ್ಳೋದಕ್ಕೆ ಲಾಫ್ಟ್ ಅಂತಾರೆ ಮಾವ," ಅಂತ ಬಸ್ಸು ಓಡಿಸುವ ಅಳಿಯ ತಮಾಷೆ ಮಾಡುತ್ತಿದ್ದ. ಅಳಿಯ, ಮಗಳು, ಹನ್ನೊಂದು ವರ್ಷದ ಮೊಮ್ಮಗಳು ಎಲ್ಲ ಒಂದೇ ಮನೆ, ಒಂದೇ ಒಲೆ.

ಆ ಒಂದೇ ಒಲೆಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಮಗಳು ಸುದ್ದಿ ತೆಗೆದಳು.

"ಅಪ್ಪ, ದೊಡ್ಡಂಗಡೀಲಿ ಕೆಳಗಡೆ ಒಂದು ಮಳಿಗೆ ಸಿಕ್ತು. ಪರದೆ, ದಿಂಬಿನ ಕವರು, ಸೋಫಾ ಬಟ್ಟೆ, ಎಲ್ಲಾ ಹೊಲಿದು ಕೊಡೋದು. ಮೇಲಿನ ನಲವತ್ತೆರಡು ಮನೆಗೂ ಕಿಟಕಿ ಒಂದೇ ಅಳತೆ. ಒಬ್ರು ಮೆಚ್ಚಿದ್ರೆ ಸಾಕು, ಉಳಿದವರು ತಾವೇ ಇಳಿದು ಬರ್ತಾರೆ."

ಮೀಟರಯ್ಯನವರ ತುತ್ತು ಬಾಯಿಯ ಹತ್ತಿರ ನಿಂತಿತು. ಕೊನೆಗೂ ಕರೆ ಬಂತಲ್ಲ ಅಂತ ಬೆನ್ನು ನೆಟ್ಟಗಾಯಿತು. "ಯಾವತ್ತಿಂದ ಬರ್ಲಿ?" ಅಂದರು.

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಆಲೂಗಡ್ಡೆಯ ಪಾತ್ರೆ ನೋಡಿದಳು.

"ನೀವಲ್ಲಪ್ಪ. ಅಮ್ಮ."

"ಯಾವ ಅಮ್ಮ?"

"ನಮ್ಮನೇಲಿ ಎಷ್ಟು ಜನ ಅಮ್ಮಂದಿರಿದ್ದಾರೆ ತಾತ?" ಅಂತ ಮೊಮ್ಮಗಳು ಕಿಸಕ್ಕೆಂದಳು.

"ನಿಮಗೆ ಮಂಡಿ ನೋವು," ಅಂದಳು ಮಗಳು.

"ಮಂಡೀಲೇನು ಬಟ್ಟೆ ಅಳೀತಾರಾ?"

"ನಿಜ ಹೇಳ್ಬೇಕಾ? ನೀವು ಬಂದ್ರೆ ಅಂಗಡಿ ನಿಮ್ಮದಾಗುತ್ತೆ. ಗಿರಾಕಿ ಎದುರಿಗೇ ನನ್ನನ್ನ ಗದರ್ತೀರಿ. ಅಮ್ಮ ಆದ್ರೆ ಮಾತಾಡದೆ ಕೆಲಸ ಮಾಡ್ತಾಳೆ."

ಹೆಂಡತಿ ಮಾತಾಡದೆ ಕೆಲಸ ಮಾಡುತ್ತಾಳೆ ಅನ್ನುವುದು ಮೀಟರಯ್ಯನವರಿಗೂ ಗೊತ್ತಿತ್ತು. ಅಡುಗೆಮನೆಯ ಕಿಟಕಿಯ ಪಕ್ಕ ಹೊಲಿಗೆಯಂತ್ರ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿದೇ ಮಗಳನ್ನು ಓದಿಸಿದವಳು. ಆದರೆ ದೊಡ್ಡಂಗಡಿಗೂ ಅವಳಿಗೂ ಏನು ಸಂಬಂಧ? ಮೂವತ್ತನಾಲ್ಕು ವರ್ಷದಲ್ಲಿ ಅವಳು ಮೂರನೆಯ ಮಹಡಿ ಹತ್ತಿದ್ದು ಎರಡೋ ಮೂರೋ ಸಲ. ಹತ್ತಿದಾಗಲೂ, "ಇದು ಕೆಲಸದ ಜಾಗ, ಹೀಗೆಲ್ಲ ಬರಬಾರದು," ಅಂತ ಇವರೇ ಇಳಿಸಿ ಕಳಿಸಿದ್ದರು. ಈಗ ಅದೇ ಕಟ್ಟಡದ ಬೀಗದ ಕೈ ಅವಳ ಕೈಚೀಲದಲ್ಲಿ ಜಣಜಣ ಅನ್ನುತ್ತ ಬೆಳಿಗ್ಗೆ ಒಂಬತ್ತಕ್ಕೆ ಮನೆಯಿಂದ ಹೊರಡುತ್ತಿತ್ತು. ಆ ಸದ್ದು ಕೇಳಿದರೆ ಅವರಿಗೆ ಎದೆಗೆ ಬೆಂಕಿ ಇಟ್ಟ ಹಾಗಾಗುತ್ತಿತ್ತು.

ಮೊದಲ ಮೂರು ವಾರ ಅವರು ಮೊಸರಲ್ಲಿ ಕಲ್ಲು ಹುಡುಕಿದರು. ಚಹಾ ಆರಿದೆ, ಬ್ರೆಡ್ಡು ಒಣಗಿದೆ, ಹುರುಳಿಕಾಯಿಗೆ ಉಪ್ಪಿಲ್ಲ. ಹೆಂಡತಿ ಎಲ್ಲ ಮಾಡಿಟ್ಟೇ ಹೋಗುತ್ತಿದ್ದಳು, ಬಿಸಿ ಮಾಡಿಕೊಳ್ಳುವುದಷ್ಟೇ ಇವರ ಪಾಲು. ಒಂದು ದಿನ ಬಿಸಿಗಿಟ್ಟು ಮರೆತು ಪಾತ್ರೆ ಸೀದುಹೋಯಿತು.

"ಇದಕ್ಕೂ ನಾನೇ ಕಾರಣಾನಾ?" ಅಂದಳು ಹೆಂಡತಿ ಪಾತ್ರೆ ಉಜ್ಜುತ್ತ.

"ಮನೇಲಿ ಹೆಂಗಸಿದ್ದಿದ್ರೆ ಸೀಯ್ತಿತ್ತಾ?"

"ಮನೇಲಿ ಗಂಡಸಿದ್ರಲ್ಲ. ಮೂಗೂ ಇತ್ತಲ್ಲ."

ಚೌಕದ ಕಡೆ ಹೋಗಬೇಕಾದಾಗ ಅವರು ಎದುರು ಬದಿಯಲ್ಲಿ ನಡೆಯುತ್ತಿದ್ದರು. ನೋಡಬಾರದು ಅಂದುಕೊಂಡೂ ನೋಡುತ್ತಿದ್ದರು. ಗಾಜಿನ ಒಳಗೆ ಹೆಂಡತಿ ಕುತ್ತಿಗೆಗೆ ಟೇಪು ಹಾಕಿಕೊಂಡು ನಿಂತು ಯಾರಿಗೋ ಬಟ್ಟೆ ತೋರಿಸುತ್ತಿರುತ್ತಿದ್ದಳು. ಒಂದು ಸಲವಂತೂ ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದು ಯಾವಾಗ ಅಂತ ಲೆಕ್ಕ ಹಾಕುತ್ತ ಅವರು ತರಕಾರಿ ತರುವುದನ್ನೇ ಮರೆತು ಬಂದರು.

ಉರಿಯುವ ಒಲೆಗೆ ಮೊಮ್ಮಗಳು ಎಣ್ಣೆ ಹಾಕಿದಳು. "ತಾತ, ನಿಮ್ಮ ಹಳೇ ಕೌಂಟರ್ ಅಜ್ಜಿ ಅಂಗಡಿಗೆ ಬಂತು! ಕಟ್ಟಡದವರು ತುಂಡು ತುಂಡು ಮಾಡಿ ಎಲ್ಲಾ ಮಳಿಗೆಗೂ ಕೊಟ್ರಂತೆ. ಹಿತ್ತಾಳೆ ಮೊಳೆ ಇದೆ, ಪಾಲಿಶ್ ಹೊಡೆದು ಪಳಪಳ ಅಂತಿದೆ."

"ಅಜ್ಜಿ ಏನ್ಮಾಡ್ತಾಳೆ ಅದರಲ್ಲಿ?"

"ಅದರ ಮೇಲೆ ಊಟದ ಡಬ್ಬಿ ಇಡ್ತಾಳೆ."

ಅವತ್ತು ಅವರಿಗೆ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಮೊದಲ ದೊಡ್ಡ ಕೆಲಸ ಬಂತು. ಮೂರನೆಯ ಮಹಡಿಯ ಡಾಕ್ಟರಮ್ಮ ಎಂಟು ಕಿಟಕಿಗೆ ಹದಿನಾರು ಪರದೆ ಹೇಳಿದರು. ಬೂದು ಬಣ್ಣದ ದಪ್ಪ ಬಟ್ಟೆ, ಕಂಬಿಯಿಂದ ನೆಲದವರೆಗೆ ನಾಲ್ಕು ಮೀಟರು ಇಪ್ಪತ್ತು. ಮೇಲಿನ ಮತ್ತು ಕೆಳಗಿನ ಮಡಿಕೆಗೆ ಮೂವತ್ತು ಸೆಂಟಿಮೀಟರ್ ಸೇರಿಸಿ ಒಂದೊಂದು ತುಂಡೂ ನಾಲ್ಕೂವರೆ ಮೀಟರು. ಅಕ್ಕಪಕ್ಕದ ಮನೆಯವರೆಲ್ಲ ಈ ಪರದೆ ಹೇಗೆ ಬರುತ್ತದೋ ನೋಡಿ ಆಮೇಲೆ ಹೇಳುತ್ತೇವೆ ಅಂದಿದ್ದರು. ಹೆಂಡತಿ ಎರಡು ದಿನ ಕೂತು ಬಟ್ಟೆ ಕತ್ತರಿಸಿದಳು. ಮೊದಲ ತುಂಡನ್ನು ಟೇಪು ಹಿಡಿದು ಎರಡೆರಡು ಸಲ ಅಳೆದು, ಉಳಿದ ಹದಿನೈದನ್ನು ಅದರ ಮೇಲೇ ಇಟ್ಟು ಕತ್ತರಿಸುವುದು ಅವಳ ಪದ್ಧತಿ.

ಮಾರನೆಯ ಬೆಳಿಗ್ಗೆ ಗಡಿಬಿಡಿಯಲ್ಲಿ ಅವಳು ಊಟದ ಡಬ್ಬಿ ಮರೆತು ಹೋದಳು. ಮಧ್ಯಾಹ್ನ ಮೀಟರಯ್ಯನವರು ದೊಡ್ಡ ಬಟ್ಟೆ ಚೀಲದಲ್ಲಿ ಡಬ್ಬಿ ಇಟ್ಟುಕೊಂಡು, ಒಂಬತ್ತು ವರ್ಷದ ಮೇಲೆ ಮೊದಲ ಸಲ ದೊಡ್ಡಂಗಡಿಯ ಬಾಗಿಲು ದಾಟಿದರು.

"ಸರಿಯಾದ ಹೊತ್ತಿಗೆ ಬಂದ್ರಿ," ಅಂದಳು ಹೆಂಡತಿ. "ಕಂಬಿ ಹಾಕೋರು ಮೇಲೆ ಕಾಯ್ತಿದ್ದಾರೆ. ನಾನೂ ಇವಳೂ ಹೋಗಿ ಬರ್ತೀವಿ. ಒಂದು ಗಂಟೆ ಅಂಗಡಿ ನೋಡ್ಕೊಳ್ತೀರಾ?"

"ಯಾವುದನ್ನೂ ಮುಟ್ಬೇಡಿ ಅಪ್ಪ," ಅಂದಳು ಮಗಳು ಮೆಟ್ಟಿಲ ಹತ್ತಿರದಿಂದ.

ಆ ಕೊನೆಯ ಮಾತೊಂದು ಬೇಡವಾಗಿತ್ತು. ಇಬ್ಬರೂ ಮರೆಯಾದ ಮೇಲೆ ಅವರು ಕೌಂಟರನ್ನು ಕೈಯಿಂದ ಸವರಿದರು. ತಮ್ಮದೇ ಕೌಂಟರು, ತಮ್ಮವೇ ಮೊಳೆಗಳು. ಕಪಾಟಿನಲ್ಲಿ ಬೂದು ಬಟ್ಟೆಯ ಹದಿನಾರು ತುಂಡುಗಳು ಮಡಿಸಿ ಕೂತಿದ್ದವು, ಪಕ್ಕದಲ್ಲಿ 'ನಾಲ್ಕೂವರೆ' ಅಂತ ಬರೆದ ಚೀಟಿ. ಸುಮ್ಮನೆ ಒಂದನ್ನು ಬಿಚ್ಚಿ ಮೊಳೆಯಿಂದ ಮೊಳೆಗೆ ಎಳೆದರು. ಒಂದು, ಎರಡು, ಮೂರು, ನಾಲ್ಕು, ಅರ್ಧ. ಕೈಗೆ ಏನೋ ಒಂದಿಷ್ಟು ಇಕ್ಕಟ್ಟೆನಿಸಿತು. ಒಂಬತ್ತು ವರ್ಷ ಆಯಿತಲ್ಲ, ತೋಳು ಮರೆತಿದೆ ಅಂದುಕೊಂಡರು. ಅರ್ಧದ ಮೊಳೆ ದಾಟಿ ಬಟ್ಟೆ ಇನ್ನೂ ಉಳಿದಿತ್ತು. ಒಂದು ಗೇಣಿನ ಮೇಲೆ ನಾಲ್ಕು ಬೆರಳು!

ಇನ್ನೊಂದು ಬಿಚ್ಚಿದರು. ಅದರಲ್ಲೂ ಅಷ್ಟೇ ಹೆಚ್ಚು. ಮತ್ತೊಂದು, ಅದರಲ್ಲೂ.

ಮೀಟರಯ್ಯನವರಿಗೆ ಆದ ಆನಂದವನ್ನು ಏನಂತ ಹೇಳುವುದು! ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ಮಾತಾಡದೆ ಕೆಲಸ ಮಾಡುವವಳು ಹದಿನಾರಕ್ಕೆ ಹದಿನಾರೂ ತಪ್ಪಿದ್ದಾಳೆ, ಅಷ್ಟು ದುಬಾರಿ ಬಟ್ಟೆಯನ್ನು ಗೇಣುಗಟ್ಟಲೆ ದಂಡ ಮಾಡಿದ್ದಾಳೆ. ಟೇಪು ಅಲ್ಲೇ ಕೈಗೆಟುಕುವ ಹಾಗೆ ನೇತಾಡುತ್ತಿತ್ತು. ಅದನ್ನು ಮುಟ್ಟುವ ಯೋಚನೆಯೂ ಬರಲಿಲ್ಲ. ಕತ್ತರಿ ತೆಗೆದುಕೊಂಡು, ಹದಿನಾರು ತುಂಡುಗಳ ಹೆಚ್ಚಿನ ಅಂಚನ್ನೂ ಹಿತ್ತಾಳೆ ಮೊಳೆಯ ನೇರಕ್ಕೆ ಕರಕರನೆ ಕತ್ತರಿಸಿದರು. ಅವಳು ಮಡಿಸಿದ್ದ ಹಾಗೆಯೇ ಮಡಿಸಿಟ್ಟರು. ಕತ್ತರಿಸಿದ ಪಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡರು. ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಒಂದೊಂದಾಗಿ ಮೇಜಿನ ಮೇಲೆ ಹರಡಿ, "ಇದೇನಮ್ಮ ಇದು?" ಅಂತ ಕೇಳುವುದು ಅವರ ಯೋಜನೆ.

"ಚೀಲ ಯಾಕೆ ಅಷ್ಟು ಉಬ್ಬಿದೆ?" ಅಂದಳು ಇಳಿದು ಬಂದ ಹೆಂಡತಿ.

"ಹಳೇ ಪೇಪರು, ಹೊರಗೆ ಬಿದ್ದಿತ್ತು," ಅಂದು ಮನೆಗೆ ನಡೆದರು.

ಆದರೆ ಊಟದ ಹೊತ್ತಿಗೆ ಅವರು ಬಾಯಿ ಬಿಡುವ ಮೊದಲೇ ಮಗಳು ಶುರು ಮಾಡಿದಳು. ಡಾಕ್ಟರಮ್ಮ ಅಮ್ಮನನ್ನು ಎಷ್ಟು ಹೊಗಳಿದರು, ಪಕ್ಕದ ಮನೆಯವರು ಬಂದು ಅಮ್ಮನ ನಂಬರು ಬರೆದುಕೊಂಡರು, ಇತ್ಯಾದಿ. ಅಳಿಯ, "ಅತ್ತೆ, ಇನ್ಮೇಲೆ ನಿಮ್ಮನ್ನ ನೋಡೋಕೆ ಟೋಕನ್ ತಗೋಬೇಕು," ಅಂದ. ಎಲ್ಲರೂ ನಕ್ಕರು. ಮೀಟರಯ್ಯನವರು ಯೋಚಿಸಿದರು. ಹಣ್ಣು ಇನ್ನೂ ಕಾಯಿ. ಪರದೆ ನೇತುಬಿದ್ದು, ಹೊಗಳಿಕೆ ತಾರಕಕ್ಕೇರಿದ ದಿನ ಪಟ್ಟಿಗಳನ್ನು ಹರಡಿದರೆ ಏಟು ಸರಿಯಾಗಿ ಬೀಳುತ್ತದೆ. ಚೀಲವನ್ನು ತಮ್ಮ ಮಂಚದ ಕೆಳಗೆ ತಳ್ಳಿ, ಎರಡನೆಯ ಸಲ ಬಡಿಸಿಕೊಂಡು ಉಂಡರು.

ಹತ್ತು ದಿನದ ಮೇಲೆ ಪರದೆಗಳು ನೇತುಬಿದ್ದವು. ಆ ಸಂಜೆ ತಾಯಿ ಮಗಳು ಮನೆಗೆ ಬಂದಾಗ ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ.

"ಗಿಡ್ಡ," ಅಂದಳು ಮಗಳು ಚಪ್ಪಲಿ ಬಿಡುತ್ತಲೇ. "ಹದಿನಾರೂ ಗಿಡ್ಡ. ನೆಲ ಮುಟ್ಟೋದಿರಲಿ, ಗೇಣು ಮೇಲಕ್ಕೆ ನಿಂತಿವೆ. ಮಳೆ ನೀರಲ್ಲಿ ಪ್ಯಾಂಟು ಎತ್ತಿಕೊಂಡ ಹಾಗೆ. ಡಾಕ್ಟರಮ್ಮ ಒಂದು ಮಾತು ಬೈಲಿಲ್ಲ, ಅದೇ ದೊಡ್ಡ ಬೈಗುಳ."

"ಎಷ್ಟು ಗಿಡ್ಡ?" ಅಂದರು ಮೀಟರಯ್ಯನವರು.

"ಇಪ್ಪತ್ತೆಂಟು ಸೆಂಟಿಮೀಟರ್."

ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಮೊದಲನೇ ತುಂಡು ಎರಡು ಸಲ ಅಳೆದೆ," ಅಂದಳು. "ಎರಡು ಸಲಾನೂ ನಾಲ್ಕೂವರೆ ಕಂಡಿತ್ತು."

"ಕಂಡಿತ್ತು ಅಂದ್ರೆ? ಹೋದ ವರ್ಷ ಪೊರೆ ಆಪರೇಷನ್ ಆದ ಕಣ್ಣಲ್ಲಿ ತಾನೇ? ಕಾಣದಿದ್ರೆ ನನ್ನನ್ನ ಕೂಗಬಾರದಾ ಅಮ್ಮ? ಅದೇ ಬಣ್ಣದ ಬಟ್ಟೆ ಬರೋಕೆ ಎರಡು ತಿಂಗಳು ಬೇಕಂತೆ. ಹದಿನಾರನ್ನೂ ಇಳಿಸಿ ಅಂಗಡಿಗೆ ತಂದಿಟ್ಟಿದ್ದೀವಿ. ಡಾಕ್ಟರಮ್ಮ ಮೂರು ವಾರ ಕೊಟ್ಟಿದ್ದಾರೆ, ಆಮೇಲೆ ಬೇರೆಯವರ ಹತ್ರ ಹೊಲಿಸ್ಕೊಳ್ತಾರಂತೆ. ಮೇಲಿನವರೆಲ್ಲ ಬಾಗಿಲಲ್ಲಿ ನಿಂತು ನೋಡ್ತಿದ್ರು."

"ಬಿಡೇ, ಬೇಕು ಅಂತ ಮಾಡಿದ್ರಾ?" ಅಂದ ಅಳಿಯ.

"ನೀನು ಸುಮ್ನಿರು. ಬಸ್ಸು ಹಳ್ಳಕ್ಕೆ ಬಿಟ್ಟು ಬೇಕು ಅಂತ ಬಿಡ್ಲಿಲ್ಲ ಅಂತೀಯಾ?"

ಹೆಂಡತಿ ಕೈಚೀಲ ತೆರೆದು, ಬೀಗದ ಕೈ ತೆಗೆದು, ಮೇಜಿನ ಮೇಲೆ ಇಟ್ಟಳು. "ಯಾರನ್ನಾದ್ರೂ ಕಣ್ಣು ಕಾಣೋರನ್ನ ಇಟ್ಕೋ," ಅಂದು ಒಲೆ ಹಚ್ಚಲು ಎದ್ದುಹೋದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೀಟರಯ್ಯನವರು ಕೋಣೆಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದರು. ಚೀಲ ಅಲ್ಲೇ ಇತ್ತು. ಮರುದಿನ ಮಗಳು ಅಂಗಡಿಯಲ್ಲಿದ್ದಾಗ ಏನೋ ನೆವ ಹೇಳಿ ಹೋದರು. ಅವಳು ಫೋನಿನಲ್ಲಿ ಬಟ್ಟೆಯ ಗಿರಣಿಯವರ ಕಾಲು ಹಿಡಿಯುತ್ತಿದ್ದಳು. ಮೀಟರಯ್ಯನವರು ಆಯುಷ್ಯದಲ್ಲಿ ಮೊದಲ ಸಲ ಆ ಮೊಳೆಗಳ ನಡುವೆ ಟೇಪು ಹಿಡಿದರು. ತೊಂಬತ್ತಮೂರು. ಇನ್ನೊಮ್ಮೆ ಹಿಡಿದರು. ತೊಂಬತ್ತಮೂರೇ. ಮೀಟರಿಗೆ ಏಳು ಸೆಂಟಿಮೀಟರ್ ಕಮ್ಮಿ, ನಾಲ್ಕು ಮೀಟರಿಗೆ ಇಪ್ಪತ್ತೆಂಟು. ಕೌಂಟರಿನ ಅಡಿಗೆ ಕೈ ಹಾಕಿ ಸವರಿದಾಗ ಬೆರಳಿಗೆ ಅಂಟು ಹಾಕಿದ ಗೆರೆ ಸಿಕ್ಕಿತು. ಹುಳು ಹಿಡಿದ ಭಾಗವನ್ನು ಬಡಗಿ ಕೊಯ್ದು ತೆಗೆದು, ಎರಡು ತುದಿ ಕೂಡಿಸಿ, ಮೇಲೆ ಪಾಲಿಶ್ ಹೊಡೆದಿದ್ದ. ಹೆಂಡತಿ ಕತ್ತರಿಸಿದ್ದು ಒಂದು ನೂಲು ಹೆಚ್ಚಿರಲಿಲ್ಲ, ಒಂದು ನೂಲು ಕಮ್ಮಿಯಿರಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಇದಕ್ಕೆ ಕಾರಣ ಹುಡುಕುವುದು ಬೇಡ, ಹೇಳಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೆ. ಮೊದಲ ನಾಲ್ಕೈದು ದಿನವಂತೂ ಹಿತವಾಗಿಯೇ ಇತ್ತು. ಚಹಾ ಬಿಸಿಯಾಗಿ ಬಂತು. ಹುರುಳಿಕಾಯಿಗೆ ಉಪ್ಪು ಬಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮಗಳೊಬ್ಬಳೇ ಹೊರಡುತ್ತಿದ್ದಳು, ಹೆಂಡತಿ ಮನೆಯಲ್ಲೇ. ಪೇಪರು ಓದುತ್ತ ಅವರು, "ನೋಡಿದ್ಯಾ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು," ಅಂತ ಒಂದೆರಡು ಸಲ ಅಂದೂ ಬಿಟ್ಟರು.

"ಹೂಂ," ಅನ್ನುತ್ತಿದ್ದಳು ಅವಳು.

ಆದರೆ ಈ ಹೆಂಡತಿ ಹಳೆಯ ಹೆಂಡತಿಯಾಗಿರಲಿಲ್ಲ. ಮೇಜು ಒರೆಸುತ್ತ ಒರೆಸುತ್ತ ನಿಂತು, ಟೇಪು ತಂದು ಮೇಜು ಅಳೆಯುತ್ತಿದ್ದಳು. ಆಮೇಲೆ ಬಾಗಿಲು. ಆಮೇಲೆ ಹಾಸಿಗೆ. ಮೊಮ್ಮಗಳನ್ನು ಕರೆದು, "ಇಲ್ಲಿ ಎಷ್ಟಿದೆ ಓದೇ," ಅನ್ನುತ್ತಿದ್ದಳು.

"ನೂರ ಹನ್ನೆರಡು ಅಜ್ಜಿ."

"ನನಗೂ ನೂರ ಹನ್ನೆರಡೇ ಕಾಣುತ್ತಲ್ಲ," ಅಂದು ಇನ್ನಷ್ಟು ಗಾಬರಿಯಾಗುತ್ತಿದ್ದಳು. ಸರಿ ಕಂಡರೆ ಅವಳಿಗೆ ಹೆಚ್ಚು ಭಯ. ಸರಿ ಅಂತಲೇ ಕಂಡಿತ್ತಲ್ಲ ಅವತ್ತೂ.

ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಳು. ಕಣ್ಣು ಚೆನ್ನಾಗಿದೆ ಅಂದರಂತೆ. "ಹಾಗಾದ್ರೆ ತಲೆಯೇ ಕೆಟ್ಟಿರಬೇಕು," ಅಂದಳು, ತಮಾಷೆಯ ದನಿಯಲ್ಲಲ್ಲ. ಮೊಮ್ಮಗಳ ಶಾಲೆಯ ಚೀಲದ ಪಟ್ಟಿ ಕಿತ್ತುಬಂದಾಗ, "ಅಂಗಡಿಗೆ ಕೊಡು, ನಾನು ಮುಟ್ಟಲ್ಲ," ಅಂದಳು. ಮೊಮ್ಮಗಳು ಕಿತ್ತ ಪಟ್ಟಿಯನ್ನು ಗಂಟು ಹಾಕಿಕೊಂಡು ಶಾಲೆಗೆ ಹೋದಳು. ಮೀಟರಯ್ಯನವರಿಗೆ ಆ ಗಂಟು ಊಟ ಮಾಡುವಾಗಲೂ ಕಣ್ಣೆದುರಿಗೆ ಬರುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಹನ್ನೊಂದನೆಯ ದಿನ ಭಾನುವಾರ. ಪಕ್ಕದ ಬೀದಿಯ ಒಬ್ಬ ಹೆಂಗಸು ಬಂದು ಅಡುಗೆಮನೆಯ ಹೊಲಿಗೆಯಂತ್ರವನ್ನು ಸುತ್ತಿ ಸುತ್ತಿ ನೋಡುತ್ತಿದ್ದಳು.

"ಇವರ್ಯಾಕೆ ಬಂದಿದ್ದು?" ಅಂದರು ಮೀಟರಯ್ಯನವರು.

"ಯಂತ್ರ ತಗೊಂಡು ಹೋಗ್ತಾರೆ. ಸುಮ್ನೆ ಜಾಗ ತಿಂತಾ ಕೂತಿದೆ," ಅಂದಳು ಹೆಂಡತಿ. "ಅವರ ಬಾಗಿಲಲ್ಲಿ ಹಿಡಿಸುತ್ತಾ ನೋಡ್ಬೇಕಂತೆ, ಅಗಲ ಹೇಳ್ಬೇಕು." ಟೇಪನ್ನು ಅವರ ಕೈಗೆ ಕೊಟ್ಟಳು. "ನೀವೇ ಅಳೀರಿ. ನನ್ನನ್ನ ನಂಬೋ ಹಾಗಿಲ್ಲ. ನಿಮ್ಮ ಕೈ ಯಾವತ್ತೂ ಸುಳ್ಳು ಹೇಳಿಲ್ಲ."

ಅಷ್ಟು ಸಾಕಾಯಿತು. ಮೀಟರಯ್ಯನವರು ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟರು. ಆಮೇಲೆ ಆ ಹೆಂಗಸಿಗೆ, "ಯಂತ್ರ ಕೊಡಲ್ಲಮ್ಮ, ಹೋಗಿ ಬನ್ನಿ," ಅಂದರು. ಅವಳು ಗೊಣಗುತ್ತ ಹೋದಳು. ಊಟಕ್ಕೆ ತಟ್ಟೆ ಇಟ್ಟಾಗಿತ್ತು, ಮಗಳೂ ಅಳಿಯನೂ ಕೂತಿದ್ದರು. ಅವರು ಮಂಚದ ಕೆಳಗಿಂದ ಚೀಲ ಎಳೆದು ತಂದು, ಪಟ್ಟಿಗಳನ್ನು ತಟ್ಟೆಗಳ ನಡುವೆ ಸುರಿದರು. ಮೂರು ವಾರದ ಹಿಂದೆ ಯೋಜನೆ ಹಾಕಿದ್ದ ಹಾಗೆಯೇ, ಎಲ್ಲರೂ ಕೂತಾಗ, ಮೇಜಿನ ಮೇಲೆ.

"ಅವಳು ಸರಿಯಾಗೇ ಕತ್ತರಿಸಿದ್ಲು. ನಾನು ಮೊಳೆ ನಂಬಿ ಮತ್ತೆ ಕತ್ತರಿಸಿದೆ. ಮೊಳೆ ಸುಳ್ಳಾಗಿತ್ತು."

ಅಳಿಯ ತಟ್ಟೆಯಿಂದ ಒಂದು ಬೂದು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟ.

"ಯಾವಾಗ ಗೊತ್ತಾಯ್ತು ನಿಮಗೆ?" ಅಂದಳು ಹೆಂಡತಿ.

"ಗಿಡ್ಡ ಆಯ್ತು ಅಂದ ಮಾರನೇ ದಿನ."

"ಅಂದ್ರೆ ಹತ್ತು ದಿನ."

"ಹೂಂ."

"ಹತ್ತು ದಿನ ನಾನು ಕುರುಡಿ ಅಂದ್ಕೊಂಡು ಓಡಾಡಿದೆ. ತಲೆ ಕೆಟ್ಟಿದೆ ಅಂದ್ಕೊಂಡೆ. ಆಸ್ಪತ್ರೇಲಿ ಎರಡು ಗಂಟೆ ಸಾಲಲ್ಲಿ ನಿಂತೆ. ನೀವು ಎದುರಿಗೆ ಕೂತು ಚಹಾ ಕುಡೀತಿದ್ರಿ."

"ತಪ್ಪಾಯ್ತು."

"ಕತ್ತರಿಸಿದ್ದಕ್ಕೆ ತಪ್ಪು ಕೇಳ್ಬೇಡಿ. ಕತ್ತರಿ ಹಿಡಿದವರು ಯಾರಾದ್ರೂ ತಪ್ತಾರೆ. ಹೇಳ್ದೆ ಯಾಕಿದ್ರಿ, ಅದನ್ನ ಹೇಳಿ."

ಮೀಟರಯ್ಯನವರು ತಲೆ ತಗ್ಗಿಸಿ ನೆಲದ ಹಾಸುಗಲ್ಲು ನೋಡಿದರು. "ಹೊಟ್ಟೆಕಿಚ್ಚು," ಅಂದರು. "ನೀನು ಅಲ್ಲಿ ನಗ್ತಾ ನಿಂತಿದ್ದು ನೋಡಿದೆ. ಆ ಜಾಗ ನಂದು ಅನ್ನಿಸ್ತು."

ಮೊಮ್ಮಗಳೂ ನಗಲಿಲ್ಲ. ಹೆಂಡತಿಯಿಂದ ಸಮಾಧಾನದ ಮಾತು ಬರುತ್ತದೇನೋ ಅಂತ ಅವರು ಕಾದರು. ಬರಲಿಲ್ಲ. ಅವಳು ಒಂದು ಪಟ್ಟಿ ಎತ್ತಿ, ಬೆಳಕಿಗೆ ಹಿಡಿದು, ಅಗಲಕ್ಕೆ ಟೇಪು ಹಿಡಿದಳು. ಯಾರನ್ನೂ ಓದಲು ಕರೆಯಲಿಲ್ಲ.

"ಇಪ್ಪತ್ತೆಂಟು," ಅಂದಳು ಮಗಳಿಗೆ. "ಕೆಳಗಿನ ಮಡಿಕೆ ಬಿಚ್ಚಿ ಇದನ್ನ ಕೂಡಿಸೋಣ. ಹೊಲಿಗೆಗೆ ಮೂರು ಹೋಗುತ್ತೆ, ಮಡಿಕೆ ಇಪ್ಪತ್ತರ ಬದಲು ಹದಿನೇಳು ಮಾಡಿದ್ರೆ ಸರಿ ನಾಲ್ಕು ಇಪ್ಪತ್ತು. ಹೊಲಿಗೆ ಮೇಲೆ ಒಂದು ಕಪ್ಪು ಪಟ್ಟಿ ಇಟ್ಟು ಮುಚ್ಚೋಣ. ನಾಳೆ ಹೋಗಿ ಡಾಕ್ಟರಮ್ಮನಿಗೆ ಒಂದು ತೋರಿಸಿ ಒಪ್ಪಿಗೆ ತಗೋಬೇಕು." ಆಮೇಲೆ ಗಂಡನ ಕಡೆ ತಿರುಗಿದಳು. "ನೀವೂ ಬರ್ತೀರಿ. ಯಾರು ಕತ್ತರಿಸಿದ್ದು ಅಂತ ನೀವೇ ಅವರಿಗೆ ಹೇಳ್ತೀರಿ."

"ಹೊರಗಿನವರ ಮುಂದೆ ಯಾಕೆ..."

"ಅವರ ಮುಂದೇನೇ ನಾನು ಕುರುಡಿ ಆದದ್ದು."

ಆ ಮಧ್ಯಾಹ್ನ ಊಟ ಆರಿತು. ಮಗಳು ಅಂಗಡಿಗೆ ಓಡಿ ಒಂದು ಕಿಟಕಿಯ ಪರದೆ ತಂದಳು. ಅಡುಗೆಮನೆಯ ಕಿಟಕಿಯ ಪಕ್ಕದ ಯಂತ್ರ ಕತ್ತಲಾಗುವವರೆಗೂ ನಿಲ್ಲಲಿಲ್ಲ. ಮೀಟರಯ್ಯನವರು ತಾವಾಗಿಯೇ ತಟ್ಟೆಗಳನ್ನು ತೊಳೆದರು. ಯಾರೂ ಬೇಡ ಅನ್ನಲಿಲ್ಲ, ಭೇಷ್ ಅಂತಲೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರು ಹೆಂಡತಿಯ ಹಿಂದೆ ದೊಡ್ಡಂಗಡಿಯ ಮೆಟ್ಟಿಲು ಹತ್ತಿದರು. ತೋಳಲ್ಲಿ ಪರದೆ, ಮಂಡಿಯಲ್ಲಿ ನೋವು. ಮೂರನೆಯ ಮಹಡಿಯ ಬಾಗಿಲು ತೆರೆದಾಗ ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಬಟ್ಟೆಯ ಮಹಡಿ ಈಗ ಯಾರದೋ ಊಟದ ಮೇಜು, ಯಾರದೋ ಪುಸ್ತಕದ ಕಪಾಟು. ರೇಷ್ಮೆಯ ಥಾನುಗಳಿದ್ದ ಮೂಲೆಯಲ್ಲಿ ಒಂದು ನಾಯಿ ಮಲಗಿತ್ತು.

"ಎತ್ತರದ ಮನೆ, ಅಲ್ವಾ?" ಅಂದರು ಡಾಕ್ಟರಮ್ಮ ಅವರು ನೋಡುವುದನ್ನು ನೋಡಿ. "ಇಲ್ಲಿ ಮೊದಲು ಏನೋ ಗೋದಾಮು ಇತ್ತಂತೆ."

ಮೀಟರಯ್ಯನವರು ಆ ಮಾತನ್ನು ನುಂಗಿಕೊಂಡರು. ತೋಳಿನ ಪರದೆ ಕೆಳಗಿಟ್ಟು, "ಪರದೆ ಗಿಡ್ಡ ಆಗಿದ್ದು ಇವರ ತಪ್ಪಲ್ಲಮ್ಮ," ಅಂದರು. "ಇವರು ಸರಿಯಾಗೇ ಅಳೆದು ಕತ್ತರಿಸಿದ್ರು. ಇವರಿಲ್ಲದಾಗ ನಾನು ಕೈ ಹಾಕಿ ಕೆಡಿಸಿದೆ. ತಪ್ಪು ಪೂರ್ತಿ ನಂದು." ಹೆಂಡತಿಯನ್ನು ಅವರು 'ಇವರು' ಅಂದದ್ದು ಮದುವೆಯಾದ ಮೇಲೆ ಅದೇ ಮೊದಲು.

ಡಾಕ್ಟರಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ತಾವು ಯಾರು?"

ಮೂವತ್ತನಾಲ್ಕು ವರ್ಷ, ಈ ಮಹಡಿ, ಈ ನೆಲ, ಎಲ್ಲ ಒಟ್ಟಿಗೇ ನಾಲಿಗೆಯ ತುದಿಗೆ ನುಗ್ಗಿಬಂತು. ಅವರು ಎದೆ ಸೆಟೆಸಿದರು. ಅಷ್ಟರಲ್ಲಿ, ಆಗಲೇ ಕಿಟಕಿಗೆ ಏಣಿ ಹಾಕಿ ಹತ್ತಿದ್ದ ಹೆಂಡತಿ ಮೇಲಿನ ಮೆಟ್ಟಿಲಿನಿಂದ, ಕಂಬಿಗೆ ಟೇಪಿನ ತುದಿ ಹಿಡಿದು, ಕೆಳಗೆ ನೋಡದೆ ಹೇಳಿದಳು.

"ನಮ್ಮಲ್ಲಿ ಹೊಸದಾಗಿ ಸೇರಿದ್ದಾರೆ. ಕಲೀತಾ ಇದ್ದಾರೆ."

ಮೀಟರಯ್ಯನವರ ಹೊಟ್ಟೆಯಲ್ಲಿ ಬೆಂಕಿ ಭಗ್ಗೆಂದಿತು. ಅವರು ಮಂಡಿಯೂರಿ ಕೂತು, ಇಳಿಬಿದ್ದ ಟೇಪನ್ನು ನೆಲಕ್ಕೆ ಸರಿಯಾಗಿ ಎಳೆದು ಹಿಡಿದು, "ನಾಲ್ಕು ಇಪ್ಪತ್ತು," ಅಂದರು.

"ಇನ್ನೊಂದ್ಸಲ ನೋಡಿ ಹೇಳಿ," ಅಂದಳು ಹೆಂಡತಿ.

ಅವರು ಇನ್ನೊಂದು ಸಲ ನೋಡಿದರು.